ಒಂದು ಟೇಪಿನಷ್ಟು ಅಂತರ

"ಮೂವತ್ತೊಂದು ವರ್ಷದಿಂದ ಪೆಡಲ್ ತುಳೀತಿದ್ದೀಯ. ಒಂದು ಗೇಣಾದ್ರೂ ಮುಂದೆ ಹೋಗಿದ್ದೀಯೇನೇ?"

ನನ್ನ ಅತ್ತೆಯನ್ನು ಅವಳ ಹೊಲಿಗೆ ಟೀಚರ್ ಹೀಗೆ ಕೇಳುತ್ತಿದ್ದರು. ಅತ್ತೆ, ಅಂದರೆ ಅಪ್ಪನ ತಂಗಿ, ದರ್ಜಿ. ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ, ಎರಡು ಮಂಚ ಹಾಕಿದರೆ ಮೂರನೆಯದಕ್ಕೆ ಜಾಗವಿಲ್ಲದಷ್ಟು ಪುಟ್ಟ ಅಂಗಡಿ ಅವಳದು. ಬಾಗಿಲಿಗೆ ಮುಖ ಮಾಡಿ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ಗೋಡೆಯುದ್ದಕ್ಕೂ ಕಟ್ಟಿದ ತಂತಿಯ ಮೇಲೆ ಅರ್ಧ ಹೊಲಿದ ಬಟ್ಟೆಗಳು. ಒಂದಕ್ಕೆ ತೋಳಿಲ್ಲ, ಇನ್ನೊಂದಕ್ಕೆ ಕಾಲರಿಲ್ಲ. ಫ್ಯಾನ್ ಹಾಕಿದರೆ ಅವೆಲ್ಲ ಒಟ್ಟಿಗೆ ಓಲಾಡಿ, ತಮ್ಮ ಒಡೆಯರು ಬಂದರೇನೋ ಎಂದು ಬಾಗಿಲ ಕಡೆ ಇಣುಕಿದಂತೆ ಕಾಣುತ್ತವೆ.

ಒಡೆಯರು ಬರುತ್ತಲೇ ಇದ್ದರು. ಅತ್ತೆ "ನಾಳೆ ಬನ್ನಿ" ಎನ್ನುತ್ತಲೇ ಇದ್ದಳು. ಅವಳ ಹೊಲಿಗೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಹೇಳಿದ ದಿನಕ್ಕೆ ಒಂದು ದಿಂಬಿನ ಚೀಲವನ್ನೂ ಕೊಟ್ಟವಳಲ್ಲ. ಬೀದಿಯಲ್ಲಿ ಅವಳಿಗೆ ನಾಳೆಬನ್ನಿ ಅಕ್ಕ ಎಂದೇ ಹೆಸರು. ಮಾವ ಗಡಿಯಾರ ರಿಪೇರಿ ಮಾಡುವವರು ಎಂಬುದು ಈ ಹೆಸರಿಗೆ ಇನ್ನಷ್ಟು ಕಳೆ ತಂದಿತ್ತು.

"ಮನೇಲಿ ನಲವತ್ತು ಗಡಿಯಾರ ಟಿಕ್ ಟಿಕ್ ಅಂತಿವೆ. ಇವಳ ಕಿವಿಗೆ ಒಂದೂ ಬಿದ್ದಿಲ್ಲ," ಎನ್ನುತ್ತಿದ್ದರು ಮಾವ.

"ನಲವತ್ತೂ ನಲವತ್ತು ಹೊತ್ತು ತೋರಿಸ್ತವೆ. ನಾನು ಯಾವುದನ್ನ ನಂಬಲಿ ರೀ?" ಎನ್ನುತ್ತಿದ್ದಳು ಅತ್ತೆ.

ಅವಳು ಸೈಕಲ್ ಕಲಿತದ್ದು ನಲವತ್ತಾರನೆಯ ವಯಸ್ಸಿಗೆ, ಆಸ್ಪತ್ರೆಯ ಹಿಂದಿನ ಖಾಲಿ ಅಂಗಳದಲ್ಲಿ. ಪಕ್ಕದ ಮನೆಯ ನರ್ಸ್ ಸೀಟು ಹಿಡಿದುಕೊಂಡು ಹಿಂದೆ ಓಡಿದರು. ಎರಡನೇ ದಿನಕ್ಕೇ ಅತ್ತೆ ಒಬ್ಬಳೇ ಸುತ್ತು ಹಾಕಿದಳು. ಮೂವತ್ತು ವರ್ಷ ಯಂತ್ರ ತುಳಿದ ಮೊಣಕಾಲುಗಳಿಗೆ ಹೊಸದಾಗಿ ಹೇಳಿಕೊಡುವುದೇನೂ ಇರಲಿಲ್ಲ. ಹ್ಯಾಂಡಲ್ ಹಿಡಿದ ಕೈಗಳಿಗಷ್ಟೇ ಬಟ್ಟೆಯನ್ನು ಮುಂದಕ್ಕೆ ತಳ್ಳುವ ಚಟ. ಆಮೇಲೆ ಭಾನುವಾರ ಬೆಳಿಗ್ಗೆ ಇಬ್ಬರೂ ಊರ ಹೊರಗೆ ಹೋಗಿ ಬರತೊಡಗಿದರು. ತೂಕ ಇಳಿಸದಿದ್ದರೆ ಕಷ್ಟ ಎಂದು ಡಾಕ್ಟರಿಂದ ಬೈಸಿಕೊಂಡ ಬೇಕರಿಯವರು ಸೇರಿಕೊಂಡರು. ಬಿಗಿ ಚಡ್ಡಿ, ತೆಳು ಚಕ್ರದ ದುಬಾರಿ ಸೈಕಲ್ಲಿನ ಬ್ಯಾಂಕ್ ಕ್ಯಾಷಿಯರ್ ಸೇರಿಕೊಂಡ. ಅವನ ವೇಗ ನೋಡಿ ಎಲ್ಲರೂ ಅವನನ್ನು ಬಾಣ ಎಂದರು. ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುವ ನಾನೂ ಸೇರಿ, ಹೋದ ವರ್ಷದ ಹೊತ್ತಿಗೆ ಒಂಬತ್ತು ಜನರಾಗಿದ್ದೆವು.

ಇದೆಲ್ಲ ಬರೀ ಗಾಳಿ ಸೇವನೆಯಾಗಿಯೇ ಉಳಿಯುತ್ತಿತ್ತೇನೋ. ಆದರೆ ಹಗಲುಮನೆಯ ವ್ಯಾನ್ ಕೆಟ್ಟಿತು. ನಡೆಯಲಾಗದವರು ಹಗಲು ಹೊತ್ತು ಬಂದು ಕೆಲಸ ಕಲಿತು, ನಾಲ್ಕು ಮಾತಾಡಿ ಹೋಗುವ ಜಾಗ ಅದು. ಗಾಲಿಕುರ್ಚಿ ನೇರ ಒಳಗೆ ಉರುಳಿಸಲು ಹಿಂಬದಿಗೆ ಇಳಿಜಾರು ಹಲಗೆಯಿದ್ದ ವ್ಯಾನ್ ಅದೊಂದೇ. ಅದು ನಿಂತ ದಿನದಿಂದ ಟೀಚರ್ ಮನೆಯಿಂದ ಹೊರಗೆ ಬಂದಿರಲಿಲ್ಲ. ಹದಿನಾರರ ಹುಡುಗಿಯಾಗಿದ್ದ ಅತ್ತೆಗೆ ಕತ್ತರಿ ಹಿಡಿಯಲು ಕಲಿಸಿದವರು ಅವರು. ಎಂಬತ್ತು ದಾಟಿದ ಮೇಲೂ ಗಾಲಿಕುರ್ಚಿಯಲ್ಲಿ ಹಗಲುಮನೆಗೆ ಹೋಗಿ ಹೊಲಿಗೆ ಹೇಳಿಕೊಡುತ್ತಿದ್ದರು. ಈಗ ಅವರಿಗೆ ಒಂದು ಕೋಣೆ, ಒಂದು ಕಿಟಕಿ, ಕಿಟಕಿಯಾಚೆ ಎದುರುಮನೆಯ ಗೋಡೆ.

ನೋಡಲು ಹೋದರೆ ಟೀಚರ್ ಹೇಳಿದರು, "ಆ ಗೋಡೇಲಿ ಎಂಟುನೂರ ಹನ್ನೆರಡು ಇಟ್ಟಿಗೆ ಇದೆ ಕಣೇ. ಈಗ ಎರಡನೇ ಸಲ ಎಣಿಸಿ ತಾಳೆ ನೋಡ್ತಿದ್ದೀನಿ."

ಹೇಳಿ ನಕ್ಕರು. ಅತ್ತೆ ನಗಲಿಲ್ಲ. ವಾಪಸ್ ಬಂದು ಅಂಗಡಿಯ ಬೀಗ ತೆಗೆಯುತ್ತಾ, "ವ್ಯಾನ್ ತರಬೇಕು," ಎಂದಳು. ಮಾರನೇ ದಿನ ತಂತಿಯ ಮೇಲಿನ ಬಟ್ಟೆಗಳ ನಡುವೆ ಒಂದು ತಗಡಿನ ಡಬ್ಬಿ ನೇತಾಡಿತು. ಮೇಲೊಂದು ಚೀಟಿ: ತಡದ ಡಬ್ಬಿ. ಬಟ್ಟೆ ತಡವಾದ ಪ್ರತಿ ದಿನಕ್ಕೂ ಅತ್ತೆಯೇ ಅದಕ್ಕೊಂದು ನಾಣ್ಯ ಹಾಕಬೇಕು, ಗಿರಾಕಿಯ ಕಣ್ಣೆದುರಿಗೆ. ಬೀದಿಗೆ ಬೀದಿಯೇ ಇದನ್ನು ನೋಡಲು ಬಂತು. ಅವಳು ಮುಖ ಸಣ್ಣದು ಮಾಡಿಕೊಂಡು ನಾಣ್ಯ ಹಾಕುವುದನ್ನು ನೋಡಿದವರು, "ಪಾಪ, ಇರ್ಲಿ ಬಿಡಕ್ಕಾ," ಎಂದು ತಾವೂ ಎರಡು ಹಾಕಿದರು. ಡಬ್ಬಿ ವಾರಕ್ಕೊಮ್ಮೆ ತುಂಬಿತು.

"ನಿನ್ನ ಸೋಮಾರಿತನಕ್ಕೆ ಇಷ್ಟು ಬೆಲೆ ಇದೆ ಅಂತ ಗೊತ್ತಿದ್ರೆ ಮುಂಚೇನೇ ಡಬ್ಬಿ ಇಡ್ತಿದ್ದೆ," ಎಂದರು ಮಾವ.

ಡಬ್ಬಿಯಿಂದ, ತುಂಡುಬಟ್ಟೆಯ ಚೀಲ ಮಾರಿದ್ದರಿಂದ, ನಾವು ಒಂಬತ್ತು ಜನ ಮನೆಮನೆಗೆ ಹೋಗಿ "ತೊಂಬತ್ತು ಕಿಲೋಮೀಟರ್ ತುಳೀತೀವಿ, ನೀವೇನು ಕೊಡ್ತೀರಿ?" ಎಂದು ಕೇಳಿದ್ದರಿಂದ ವ್ಯಾನಿನ ಅರ್ಧ ಬೆಲೆ ಕೂಡಿತು. ಉಳಿದರ್ಧ ಸಿಕ್ಕಿದ್ದು, ಅಥವಾ ಸಿಗುವುದರಲ್ಲಿದ್ದದ್ದು, ಹೆಂಚಿನ ಕಾರ್ಖಾನೆಯ ಯಜಮಾನರಿಂದ. ಅವರ ಕೋಟು ಮೂರು ತಿಂಗಳಿಂದ ತಂತಿಯ ಮೇಲಿತ್ತು. ಒಂದು ದಿನ ಅದನ್ನು ಕೇಳಲು ಬಂದವರು ಡಬ್ಬಿಯನ್ನೂ ಕೋಟನ್ನೂ ಅತ್ತೆಯನ್ನೂ ಒಂದು ಸುತ್ತು ನೋಡಿದರು.

"ನೋಡಮ್ಮ, ನೀನು ಹುಟ್ಟಿದಾಗಿಂದ ಹೇಳಿದ ಹೊತ್ತಿಗೆ ಏನನ್ನೂ ಮುಗಿಸಿಲ್ಲ. ನೀವು ತೊಂಬತ್ತು ಕಿಲೋಮೀಟರ್ ತುಳಿಯೋ ಭಾನುವಾರ ಸಂಜೆ ಐದು ಗಂಟೆ ಒಳಗೆ ಒಂಬತ್ತೂ ಜನಾನ ಒಟ್ಟಿಗೆ ಹಗಲುಮನೆ ಗೇಟಿಗೆ ತಂದು ನಿಲ್ಲಿಸು. ಉಳಿದ ಅರ್ಧ ನಾನು ಕೊಡ್ತೀನಿ. ಒಬ್ಬರು ಕಮ್ಮಿ ಇದ್ರೂ ಇಲ್ಲ, ಒಂದು ನಿಮಿಷ ತಡ ಆದ್ರೂ ಇಲ್ಲ. ಹೊತ್ತು ನೋಡೋಕೆ ನಿನ್ನ ಗಂಡನೇ ಇರ್ಲಿ. ಅವರು ಸುಳ್ಳು ಹೇಳಲ್ಲ."

ಯಜಮಾನರು ಮೆಟ್ಟಿಲು ಇಳಿಯುವುದನ್ನೇ ಕಾದಿದ್ದು ಅತ್ತೆ ನನ್ನ ಕಡೆ ತಿರುಗಿದಳು. ನಾನು ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದೆ.

"ತಂಡಕ್ಕೆ ನಾಲ್ಕು ಗಂಟೆ ಅಂತ ಹೇಳ್ತೀನಿ. ಬಾಯಿಗೆ ಬೀಗ ಹಾಕ್ಕೋ."

"ಯಾಕತ್ತೆ?"

"ಬಟ್ಟೆ ಹೊಲಿಯುವಾಗ ಒಳಗೆ ಮಾರ್ಜಿನ್ ಮಡಚಿಡಲ್ವಾ? ಬಿಗಿಯಾದ್ರೆ ಬಿಚ್ಚಿಕೊಳ್ಳೋಕೆ. ಇದೂ ಹಾಗೇ. ಒಂದು ಗಂಟೆ ಒಳಗೆ ಮಡಚಿಟ್ಟಿರ್ತೀನಿ."

ಇಷ್ಟು ವರ್ಷ ಗಿರಾಕಿಗಳಿಗೆ ಅವಳು ಸುಳ್ಳು ಹೇಳಿದ್ದು ತಡವನ್ನು ಮುಚ್ಚಿಕೊಳ್ಳಲು. ಈ ಸಲ ಮೊದಲ ಬಾರಿಗೆ ತಡವಾಗದಿರಲಿ ಎಂದು ಸುಳ್ಳು ಹೇಳುತ್ತಿದ್ದಳು.

ತಾಲೀಮು ಎಂಟು ಭಾನುವಾರ ನಡೆಯಿತು. ಹೊರಡುವ ಮೊದಲು ಅತ್ತೆ ಒಬ್ಬೊಬ್ಬರನ್ನೂ ಬಟ್ಟೆ ಟ್ರಯಲ್‌ಗೆ ನಿಲ್ಲಿಸುವ ಹಾಗೆ ನಿಲ್ಲಿಸುತ್ತಿದ್ದಳು. ಹೆಲ್ಮೆಟ್ಟಿನ ಪಟ್ಟಿಗೂ ಗದ್ದಕ್ಕೂ ನಡುವೆ ಎರಡು ಬೆರಳು ಹೋಗಬೇಕು, ಮೂರು ಹೋಗಬಾರದು. ಎರಡೂ ಬ್ರೇಕು ಹಿಡಿದು ಸೈಕಲ್ಲನ್ನು ಮುಂದೆ ನೂಕಿದರೆ ಅದು ಕದಲಬಾರದು. ಮುಂದಿನವರ ಹಿಂಚಕ್ರಕ್ಕೂ ನಮ್ಮ ಮುಂಚಕ್ರಕ್ಕೂ ನಡುವೆ ಪೂರ್ತಿ ಬಿಚ್ಚಿದ ಒಂದು ಟೇಪು, ಇಳಿಜಾರಿನಲ್ಲಿ ಎರಡು. ಮೊದಲ ವಾರ ಅವಳು ಕೊರಳಿನ ಟೇಪನ್ನು ಬಿಚ್ಚಿ ರಸ್ತೆ ಬದಿಯಲ್ಲಿ ಎಲ್ಲರ ಅಂತರ ಅಳೆದದ್ದನ್ನು ನೋಡಿ ಬೀಗದವನು ಅಂಗಡಿ ಬಿಟ್ಟು ಬಂದು ನಕ್ಕಿದ್ದ. ಮುಂದಿನವರು ಏನು ಕಂಡರೂ ಕೈ ತೋರಿಸಿ ಕೂಗಬೇಕು, ಹಿಂದಿನವರು ಅದನ್ನೇ ಹಿಂದಕ್ಕೆ ದಾಟಿಸಬೇಕು. "ಗುಂಡಿ!" ಎಂದು ಕೂಗಿದಾಗಲೆಲ್ಲ ಅತ್ತೆಯ ಕೈ ತಾನಾಗಿ ಅಂಗಿಯ ಎದೆಗೆ ಹೋಗುತ್ತಿತ್ತು. ಸವಾರಿಯಲ್ಲಿ ಫೋನ್ ಆಫ್. ಎಲ್ಲಕ್ಕಿಂತ ದೊಡ್ಡ ನಿಯಮ, ಕೊನೆಯವರ ವೇಗವೇ ತಂಡದ ವೇಗ.

ಆ ಕೊನೆಯವರು ಯಾವತ್ತೂ ಬೇಕರಿಯವರೇ. ಅವರ ಹಿಂದೆ, ಎಲ್ಲರಿಗಿಂತ ಕೊನೆಗೆ, ಅತ್ತೆ.

"ಲೀಡರ್ ಅಂದ್ರೆ ಮುಂದೆ ಇರಬೇಕಲ್ವಾ ಅಕ್ಕಾ?" ಎಂದು ಬಾಣ ಕೆಣಕಿದ್ದ.

"ದರ್ಜಿ ಹಿಂದೆ ನಿಂತೇ ನೋಡೋದು ಕಣಪ್ಪ. ಮುಂದಿನದನ್ನ ಕನ್ನಡಿ ನೋಡ್ಕೊಳ್ಳುತ್ತೆ."

ಎಂಟು ವಾರದಲ್ಲಿ ಬೇಕರಿಯವರು ಕರಗಿದರು. ಯಾರೂ ಅದನ್ನು ಗಮನಿಸಲಿಲ್ಲ, ದಿನಾ ನೋಡುವವರ ಕಣ್ಣಿಗೆ ಅದು ಕಾಣುವುದೂ ಇಲ್ಲ. ಎಲ್ಲರಿಗೂ ಕಿತ್ತಳೆ ಬಣ್ಣದ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ತೋಳಿಲ್ಲದ ಜಾಕೆಟ್ಟು ಹೊಲಿಯಲು ಅತ್ತೆ ಅಳತೆ ತೆಗೆದದ್ದು ಮೊದಲ ವಾರ. ಬೇಕರಿಯವರ ಅಳತೆಗೆ ಅವಳು ಮೂರಿಂಚು ಜಾಸ್ತಿಯೇ ಸೇರಿಸಿದ್ದಳು. ಇಪ್ಪತ್ತು ವರ್ಷದಿಂದ ಅವರ ಅಂಗಿ ಹೊಲಿದವಳು ಅವಳು. ಆ ಮೈ ಒಂದೇ ದಿಕ್ಕಿಗೆ ಹೋಗುವುದನ್ನು ಮಾತ್ರ ಕಂಡಿದ್ದಳು. ಜಾಕೆಟ್ಟುಗಳು ಸಿದ್ಧವಾದದ್ದು ಸವಾರಿಯ ಭಾನುವಾರ ಬೆಳಿಗ್ಗೆ ಏಳೂವರೆಗೆ. ಹೊರಡುವುದು ಎಂಟಕ್ಕೆ. ಟ್ರಯಲ್ ನೋಡಲು ಹೊತ್ತಿರಲಿಲ್ಲ.

"ಇದರೊಳಗೆ ಇನ್ನೂ ಒಬ್ಬರು ಬರಬಹುದು," ಎಂದರು ಬೇಕರಿಯವರು, ಅಂಚು ಎಳೆದು ತೋರಿಸುತ್ತಾ.

"ನಾಳೆ ಬನ್ನಿ, ಸರಿಮಾಡಿಕೊಡ್ತೀನಿ," ಎಂದಳು ಅತ್ತೆ. ಎಲ್ಲರೂ ಘೊಳ್ಳೆಂದು ನಕ್ಕರು. ಹೊರಟೆವು.

ಮಧ್ಯಾಹ್ನದವರೆಗೆ ಎಲ್ಲ ಚೆನ್ನಾಗಿತ್ತು. ನೆತ್ತಿಗೆ ಬಿಸಿಲು, ಬೆನ್ನಿಗೆ ಗಾಳಿ, ಮುಂದಿನಿಂದ ಹಿಂದಕ್ಕೆ ಹರಿಯುವ ಕೂಗು. ಊಟವಾದ ಮೇಲೆ ನರ್ಸ್ ಸೈಕಲ್ಲಿನ ಟ್ಯೂಬು ಪಂಕ್ಚರಾಗಿ ಅರ್ಧ ಗಂಟೆ ಹೋಯಿತು. ಕೊನೆಯ ಏರಿನ ಬುಡಕ್ಕೆ ಬಂದಾಗ ಎರಡೂಮುಕ್ಕಾಲು, ಇನ್ನು ಹದಿನಾಲ್ಕು ಕಿಲೋಮೀಟರ್. ಬಾಣ ಕೈಗಡಿಯಾರ ನೋಡಿಕೊಂಡ.

"ಈ ವೇಗದಲ್ಲಿ ನಾಲ್ಕಕ್ಕೆ ಮುಟ್ಟಲ್ಲ! ನಾನು ಮುಂದೆ ಹೋಗಿ ಯಜಮಾನರನ್ನ ಮಾತಲ್ಲಿ ಹಿಡಿದಿಟ್ಟುಕೊಂಡಿರ್ತೀನಿ. ನೀವು ಬನ್ನಿ!" ಎಂದು ಕೂಗಿ ನಿಂತು ತುಳಿದ.

ನಾನು ತಿರುಗಿ ಅತ್ತೆಯ ಮುಖ ನೋಡಿದೆ. ಐದಕ್ಕೆ ಎಂದು ಹೇಳಲು ಅವಳು ಬಾಯಿ ತೆರೆದಳು, ಒಂದು ಕ್ಷಣ ಮುಚ್ಚಿದಳು. ಆ ಒಂದು ಕ್ಷಣ ಸಾಕಾಯಿತು. "ಬಾಣಾ ನಿಲ್ಲೋ!" ಎಂಬ ಕೂಗು ಬಾಯಿಂದ ಬಾಯಿಗೆ ದಾಟಿ ಮುಂದಕ್ಕೆ ಹೋಗುವಷ್ಟರಲ್ಲಿ ಅವನು ತಿರುವಿನಲ್ಲಿ ಮರೆಯಾಗಿದ್ದ.

ಏರಿನ ತುದಿಗೆ ಬೇಕರಿಯವರೂ ಸೀಟಿನಿಂದ ಎದ್ದು ತುಳಿಯುತ್ತಿದ್ದರು. ಮರಳಿ ಕೂರುವಾಗ ಜಾಕೆಟ್ಟಿನ ಸಡಿಲ ಅಂಚು ಸೀಟಿನ ಮೂತಿಗೆ ಸಿಕ್ಕಿಕೊಂಡಿತು. ಸೈಕಲ್ ಒಂದು ಕಡೆ ಹೋಯಿತು, ಅವರು ಇನ್ನೊಂದು ಕಡೆ ಹೋಗಿ ಹುಲ್ಲಿನ ಮೇಲೆ ಮೂಟೆಯಂತೆ ಉರುಳಿದರು.

ಮಧ್ಯೆ ಒಂದು ಟೇಪಿನಷ್ಟು ಅಂತರವಿದ್ದದ್ದಕ್ಕೆ ಹಿಂದಿದ್ದ ಅತ್ತೆ ಅವರ ಮೇಲೆ ಹಾಯದೆ ನಿಂತಳು. ನರ್ಸ್ ಓಡಿಬಂದು ಕೈಕಾಲು ಮಡಚಿಸಿ, ಕಣ್ಣು ನೋಡಿ, ಬೆನ್ನು ಒತ್ತಿದರು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

"ಆರು ತಿಂಗಳ ಹಿಂದೆ ಬಿದ್ದಿದ್ರೆ ಇಳಿಜಾರಲ್ಲಿ ಊರು ಮುಟ್ಟೋತನಕ ಉರುಳ್ತಿದ್ದೆ," ಎಂದರು ಬೇಕರಿಯವರು, ಹುಲ್ಲು ಕೊಡವಿಕೊಳ್ಳುತ್ತಾ.

ಸೈಕಲ್ಲಿಗೆ ಮಾತ್ರ ಪೆಟ್ಟಾಗಿತ್ತು. ಹಿಂಚಕ್ರ ಡೊಂಕಾಗಿ, ತಿರುಗಿದರೆ ಬ್ರೇಕಿಗೆ ಉಜ್ಜಿಕೊಂಡು ನಿಂತುಬಿಡುತ್ತಿತ್ತು. ಬ್ರೇಕು ಬಿಚ್ಚಿ ಓಡಿಸಬಹುದು ಎಂದರು ಯಾರೋ. "ಇಳಿಜಾರಲ್ಲಿ ಒಂದೇ ಬ್ರೇಕಲ್ಲಿ? ನಾನು ಇರೋ ತನಕ ಆಗಲ್ಲ," ಎಂದಳು ಅತ್ತೆ. ಚಕ್ರದ ಕಡ್ಡಿಗಳನ್ನು ಬಿಗಿಮಾಡಿ ಡೊಂಕು ತೆಗೆಯುವ ಪುಟ್ಟ ಕೀಲಿ ನಮ್ಮಲ್ಲಿ ಒಂದೇ ಇತ್ತು. ಅದು ಬಾಣನ ಚೀಲದಲ್ಲಿತ್ತು. ಬಾಣನ ಫೋನು, ನಿಯಮದ ಪ್ರಕಾರ, ಆಫ್ ಆಗಿತ್ತು. ನಾನು ಮಾವನಿಗೆ ಫೋನ್ ಮಾಡಿದೆ. ಗೇಟಿನ ಬಳಿಯ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ.

ಅತ್ತೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಳು. ತಪ್ಪು ಮಾಡಿದ ಮಗು ಮಾಸ್ತರ ಮುಂದೆ ಕೂರುವ ಹಾಗೆ.

"ಒಂದು ಮಾತು ಹೇಳಬೇಕು. ಯಜಮಾನರು ಹೇಳಿದ್ದು ನಾಲ್ಕಲ್ಲ, ಐದು. ನಾನೇ ಒಂದು ಗಂಟೆ ಮುಚ್ಚಿಟ್ಟಿದ್ದೆ. ನಿಜ ಹೇಳಿದ್ರೆ ಬಾಣ ಓಡ್ತಿರ್ಲಿಲ್ಲ, ಕೀಲಿನೂ ಇಲ್ಲೇ ಇರ್ತಿತ್ತು. ಜಾಕೆಟ್ಟೂ ನನ್ನದೇ ತಪ್ಪು."

ನರ್ಸ್, "ಅಲ್ಲಾ, ಮೂರು ವರ್ಷದ ಸ್ನೇಹ. ನನಗೂ ಗಿರಾಕಿ ಲೆಕ್ಕವೇನೇ?" ಎಂದರು. ಧ್ವನಿಯಲ್ಲಿ ನೋವಿತ್ತು. ಅತ್ತೆ ತಲೆ ತಗ್ಗಿಸಿದಳು.

"ಇನ್ನು ಮುಚ್ಚಿಡಲ್ಲ."

"ಹಾಗಾದ್ರೆ ಇನ್ನೂ ಎರಡು ಗಂಟೆ ಇದೆಯಾ?" ಎಂದರು ಬೇಕರಿಯವರು, ಮುಖವರಳಿಸಿ. "ಅಷ್ಟರಲ್ಲಿ ಎರಡು ಸಲ ಬ್ರೆಡ್ಡು ಬೇಯಿಸ್ತೀನಿ ನಾನು. ಏಳಿ, ನಡೀರಿ."

ಬಾಣ ವಾಪಸ್ ಬಂದರೆ ಆದಷ್ಟು ಬೇಗ ಎದುರಾಗಲಿ ಎಂದು ಎಲ್ಲರೂ ಸೈಕಲ್ ತಳ್ಳಿಕೊಂಡು ನಡೆದೆವು. ಹೊರಡುವ ಮೊದಲು ಅತ್ತೆ ಕಾಲರಿನ ಹಿಂದೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಬೇಕರಿಯವರನ್ನು ಬೇಲಿಗೆ ಒರಗಿಸಿ ನಿಲ್ಲಿಸಿ, ಜಾಕೆಟ್ಟಿನ ಎರಡೂ ಪಕ್ಕ ಹಿಡಿದು ಕೈಯಲ್ಲೇ ಹೊಲಿದಳು. ಆ ಮೂರಿಂಚು ಒಳಗೆ ಹೋಯಿತು. ಅವರ ಬದಲು ಅವರ ಸೈಕಲ್ಲನ್ನು, ಹಿಂಚಕ್ರ ಎತ್ತಿ ಹಿಡಿದು, ನಾವೇ ಸರದಿಯಂತೆ ಸಾಗಿಸಿದೆವು.

ಅತ್ತ ಬಾಣ ಮೂರೂಕಾಲಿಗೆ ಗೇಟಿಗೆ ಹೋಗಿ, ಏದುಸಿರಿನಲ್ಲಿ ಯಜಮಾನರಿಗೆ ಸಬೂಬು ಹೇಳತೊಡಗಿದನಂತೆ. ಮಾವ ಕನ್ನಡಕದ ಮೇಲಿಂದ ನೋಡಿ, "ಐದಕ್ಕಲ್ವೇನಪ್ಪಾ?" ಎಂದರಂತೆ. ಬಾಣ ಒಂದು ಲೋಟ ನೀರನ್ನೂ ಕುಡಿಯದೆ ಸೈಕಲ್ ತಿರುಗಿಸಿದನಂತೆ. ಮೂರು ಐವತ್ತಕ್ಕೆ ರಸ್ತೆಯ ಕೊನೆಯಲ್ಲಿ ಕಿತ್ತಳೆ ಚುಕ್ಕೆಯೊಂದು ಕಂಡಿತು. ನಾವು ಹುಚ್ಚರಂತೆ ಕೈ ಬೀಸಿದೆವು.

"ನಾಳೆಬನ್ನಿ ಅಕ್ಕಾ!" ಎಂದು ದೂರದಿಂದಲೇ ಚೀರಿದ. "ನಿಮ್ಮ ಗಡಿಯಾರಕ್ಕೆ ಬೆಂಕಿ ಹಾಕ!"

"ಹಾಕು, ಹಾಕು. ಮೊದಲು ಚಕ್ರ ನೋಡು."

ಬಾಣ ಮಂಡಿಯೂರಿ ಒಂದೊಂದೇ ಕಡ್ಡಿ ಬಿಗಿಸಿದ. ಇಪ್ಪತ್ತು ನಿಮಿಷಕ್ಕೆ ಚಕ್ರ ನೆಟ್ಟಗೆ ತಿರುಗಿತು. ಅತ್ತೆ ಎರಡೂ ಬ್ರೇಕು ಹಿಡಿದು ನೂಕಿ ನೋಡಿ, ಸರಿ ಎಂದಳು. ನಾಲ್ಕೂ ಹತ್ತು; ಇನ್ನು ಹನ್ನೊಂದು ಕಿಲೋಮೀಟರ್.

ಎರಡು ಕಿಲೋಮೀಟರಿಗೇ ಬಾಣನ ತೊಡೆಗೆ ಸೆಳೆತ ಹಿಡಿಯಿತು. ನಮಗಿಂತ ಇಪ್ಪತ್ತೆರಡು ಕಿಲೋಮೀಟರ್ ಹೆಚ್ಚು ತುಳಿದ ಕಾಲು. ಹಲ್ಲು ಕಚ್ಚಿ, "ನೀವು ಹೋಗಿ," ಎಂದ.

"ಒಂಬತ್ತು ಜನ," ಎಂದಳು ಅತ್ತೆ. ಬೇಕರಿಯವರು ತಮ್ಮ ಸೈಕಲ್ಲನ್ನು ಅವನ ಮುಂದೆ ತಂದು, "ನನ್ನ ಹಿಂದೆ ಗಾಳಿ ತಾಗಲ್ಲ, ಬಾ. ನಿನ್ನ ವೇಗ ಎಷ್ಟು ಹೇಳಪ್ಪ. ಇವತ್ತು ಅದೇ ನಮ್ಮ ವೇಗ," ಎಂದರು. ಅವರ ಬಾಯಲ್ಲಿ ಆ ಮಾತು ಬಂದಾಗ ಅವರ ಬೆನ್ನು ಎಷ್ಟು ನೇರವಾಗಿತ್ತೆಂದರೆ, ಅತ್ತೆಯ ಹೊಲಿಗೆಯೂ ಅಷ್ಟು ನೇರ ಇರಲಿಲ್ಲ. ಕಿತ್ತಳೆಯ ಸಾಲು ನಿಧಾನವಾಗಿ ಊರೊಳಗೆ ಇಳಿಯಿತು. ಇಳಿಜಾರಿನಲ್ಲಿ ಮೈ ಮರೆತು ಹತ್ತಿರ ಬಂದವರಿಗೆ ಹಿಂದಿನಿಂದ ಕೂಗು ಬಂತು: "ಎರಡು ಟೇಪು!"

ಹಗಲುಮನೆಯ ಗೇಟಿಗೆ ಐವತ್ತು ಹೆಜ್ಜೆ ಇರುವಾಗ ಸಿಗ್ನಲ್ ಕೆಂಪಾಯಿತು. ಗೇಟು ಕಾಣುತ್ತಿತ್ತು. ಗಾಲಿಕುರ್ಚಿಗಳು ಕಾಣುತ್ತಿದ್ದವು. ಮಾವ ಗಡಿಯಾರವನ್ನು ಕಣ್ಣಿಗೆ ಹತ್ತಿರ ಹಿಡಿದು ನಿಂತದ್ದೂ ಕಾಣುತ್ತಿತ್ತು. ನಾಲ್ಕು ಐವತ್ತೇಳು.

"ಅಕ್ಕಾ, ರಸ್ತೆ ಖಾಲಿ ಇದೆ," ಎಂದ ಬಾಣ.

"ಕೆಂಪು ಇದೆ."

"ಒಂದೂ ಗಾಡಿ ಇಲ್ಲ ಅಕ್ಕಾ!"

"ಕೆಂಪು ಇದ್ಯಲ್ಲ."

ಒಂಬತ್ತು ಜನ ಒಂದೊಂದು ಕಾಲು ನೆಲಕ್ಕೆ ಊರಿ ನಿಂತೆವು. ಆಚೆಯಿಂದ ಯಜಮಾನರು ನೋಡುತ್ತಿದ್ದರು. ಅತ್ತೆಯ ಕೈ ಕೊರಳಲ್ಲಿ ಟೇಪು ಹುಡುಕಿ, ಸಿಗದೆ, ಹ್ಯಾಂಡಲ್ಲಿಗೆ ಮರಳಿತು. ಹಸಿರಾಯಿತು.

ಮಾವ ಹೆಂಡತಿಗೆಂದು ಅರ್ಧ ನಿಮಿಷವನ್ನೂ ಬಿಟ್ಟುಕೊಡುವವರಲ್ಲ. ಕೊನೆಯವಳಾಗಿ ಅತ್ತೆಯ ಹಿಂಚಕ್ರ ಗೇಟು ದಾಟಿದ ಮೇಲೆಯೇ ಅವರು ಬಾಯಿ ತೆರೆದದ್ದು. "ನಾಲ್ಕು ಐವತ್ತೆಂಟು, ನಲವತ್ತು ಸೆಕೆಂಡು." ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಅದು ಸ್ವಚ್ಛವಾಗಿಯೇ ಇತ್ತು.

ಯಜಮಾನರು ಒಂಬತ್ತು ತಲೆ ಎಣಿಸಿದರು. "ಆ ಸಿಗ್ನಲ್ ಹಾರಿ ಬಂದಿದ್ರೆ ಕೊಡ್ತಿರ್ಲಿಲ್ಲ," ಎಂದು ಕೈ ಮುಗಿದರು. ಮರುಗಳಿಗೆಯಲ್ಲೇ, "ಸರಿ, ನನ್ನ ಕೋಟು?" ಎಂದರು.

ಅತ್ತೆ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಯೋಚಿಸಿದಳು. ನರ್ಸ್ ಅವಳನ್ನೇ ನೋಡುತ್ತಿದ್ದರು. "ಹದಿನೆಂಟು ದಿನ ಆಗುತ್ತೆ," ಎಂದಳು.

"ಅಯ್ಯೋ, ನಾಳೆ ಅಂದುಬಿಡಮ್ಮ. ಅದು ಅಭ್ಯಾಸ ಆಗಿದೆ. ಇದು ಕೇಳಿದ್ರೆ ಭಯ ಆಗುತ್ತೆ."

ಎರಡು ವಾರಕ್ಕೆ ವ್ಯಾನ್ ಬಂತು. ಮೊದಲ ದಿನ ಟೀಚರ್ ಹಗಲುಮನೆಗೆ ಹೋಗುವ ಮುಂಚೆ ನಮ್ಮ ಬೀದಿಗೆ ಬರಬೇಕೆಂದು ಹಟ ಹಿಡಿದರು. ಅಂಗಡಿಯ ಮುಂದೆ ವ್ಯಾನಿನ ಹಲಗೆ ಇಳಿಯಿತು, ಗಾಲಿಕುರ್ಚಿ ಇಳಿಯಿತು. ಬ್ರೆಡ್ಡು ಹಂಚಲು ಹೊರಟಿದ್ದ ಬೇಕರಿಯವರು ಕಿತ್ತಳೆ ಜಾಕೆಟ್ಟಿನಲ್ಲೇ ಬಂದು ನಿಂತರು. ಅದನ್ನು ಯಂತ್ರದಲ್ಲಿ ಮತ್ತೆ ಹೊಲಿಯಲು ಅವರು ಬಿಟ್ಟಿರಲಿಲ್ಲ. ಟೀಚರ್ ಅವರನ್ನು ಹತ್ತಿರ ಕರೆದು, ಪಕ್ಕದ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಇಷ್ಟು ದೊಡ್ಡದಾಗಿ ಯಾಕೆ ಕತ್ತರಿಸಿದ್ದೆ?"

"ಇವರು ಸಣ್ಣ ಆಗ್ತಾರೆ ಅಂತ ನಂಬಿಕೆ ಇರ್ಲಿಲ್ಲ ಟೀಚರ್."

"ನನಗೂ ಇರ್ಲಿಲ್ಲ," ಎಂದರು ಬೇಕರಿಯವರು.

"ಅವಸರದ ಕೈ," ಎಂದರು ಟೀಚರ್. ಇನ್ನೊಮ್ಮೆ ಹೆಬ್ಬೆರಳು ಆಡಿಸಿ, "ಆದ್ರೆ ಬಿಚ್ಚಿಕೊಳ್ಳಲ್ಲ," ಎಂದರು.

ಅತ್ತೆಗೆ ಮೂವತ್ತೊಂದು ವರ್ಷದಲ್ಲಿ ಅವರಿಂದ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು. ಅವಳು ಗಾಲಿಕುರ್ಚಿಯ ಹಿಂದೆ ಹೋಗಿ ನಿಂತು, ಹಲಗೆಯ ಮೇಲೆ ಅದನ್ನು ವ್ಯಾನಿಗೆ ಏರಿಸಿದಳು.

"ಹೊರಡಪ್ಪ, ಮಕ್ಕಳು ಕಾಯ್ತಿರ್ತಾವೆ," ಎಂದರು ಟೀಚರ್ ಡ್ರೈವರಿಗೆ. ವ್ಯಾನ್ ಕದಲಿತು. ಔಷಧಿ ಅಂಗಡಿ, ಬೀಗದವನ ಗೂಡು, ಬೇಕರಿಯ ಗಾಜಿನ ಕಪಾಟು ಒಂದೊಂದಾಗಿ ಅವರ ಕಿಟಕಿ ದಾಟತೊಡಗಿದವು. ಆಗ ಒಳಗಿಂದ ಅವರ ದನಿ ಮತ್ತೆ ಕೇಳಿತು.

"ಸ್ವಲ್ಪ ನಿಧಾನ ಹೋಗೋ."